ನೆಂಟರಿಗೆ ತೋರಿಸಿದ ಜಾಗ

ಸರೋವರದ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಮನೆಗಾಡಿಗಳ ಒಳಗೆ ಜನ ಗೊರಕೆ ಹೊಡೆಯುತ್ತಿದ್ದಾರೆ. ಡೆಲ್ಫೀನ್ ಚಾರ್ಲಿ ಎರಡು ಕೈಯಲ್ಲೂ ಬಕೆಟ್ಟು ಹಿಡಿದು ಮೊದಲನೆಯ ಕಕ್ಕಸಿನ ಬಾಗಿಲನ್ನು ಬೂಟುಗಾಲಿನಿಂದ ಒದೆಯುತ್ತಾರೆ, ಒಂದು ಕ್ಷಣ ಪಕ್ಕಕ್ಕೆ ಸರಿದು ಕಾಯುತ್ತಾರೆ. ಒಳಗಿನಿಂದ ಮುಳ್ಳುಹಂದಿಯೊಂದು ಹೊರಬಂದು, ಯಾರ ಹಂಗೂ ಇಲ್ಲದ ಯಜಮಾನನ ಹಾಗೆ ಪೊದೆಯ ಕಡೆಗೆ ನಿಧಾನವಾಗಿ ನಡೆದುಹೋಗುತ್ತದೆ. ಕಕ್ಕಸಿನ ಪ್ಲೈವುಡ್ಡು ಎಂದರೆ ಅದಕ್ಕೆ ಪ್ರಾಣ. ರಾತ್ರಿಯೆಲ್ಲ ಕೂತು ಸೀಟಿನ ಅಂಚನ್ನು ಕಡಿದು ತಿಂದಿದೆ.

"ಇದಕ್ಕೆ ನಾನು ಬಯ್ಯಲ್ಲ ನೋಡು," ಎನ್ನುತ್ತಾರೆ ಡೆಲ್ಫೀನ್. "ಪಾಪ, ತಿನ್ನತ್ತೆ ಅಷ್ಟೆ. ಗುಂಡಿಯೊಳಗೆ ಮಡಿಸೋ ಕುರ್ಚಿ ಎಸೆಯಲ್ಲ."

ಮಡಿಸುವ ಕುರ್ಚಿ ಎಸೆದವರು ಮನುಷ್ಯರು. ಅದರ ಒಂದು ಕಾಲು ಮುರಿದಿತ್ತಂತೆ, ಮನೆಗೆ ಹೊತ್ತುಕೊಂಡು ಹೋಗಲು ಮನಸ್ಸು ಬರಲಿಲ್ಲವಂತೆ. ಹಾಗೇ ಬಿಟ್ಟರೆ ಗುಂಡಿ ಖಾಲಿ ಮಾಡುವ ಲಾರಿಯ ಕೊಳವೆ ಕಟ್ಟಿಕೊಳ್ಳುತ್ತದೆ, ಆ ಲಾರಿ ಬರುವುದೋ ಬೇಸಿಗೆಗೆ ಒಂದೇ ಸಲ. ಹಾಗಾಗಿ ಡೆಲ್ಫೀನ್ ಉದ್ದನೆಯ ಕೋಲಿಗೆ ಕೊಕ್ಕೆ ಕಟ್ಟಿ, ಮೂಗಿಗೆ ಬಟ್ಟೆ ಸುತ್ತಿಕೊಂಡು, ಅರ್ಧ ದಿನ ಹೆಣಗಾಡಿ ಅದನ್ನು ಎತ್ತಿದರು. ಎತ್ತಿದ ಮೇಲೆ ತೊಳೆದು, ಕಾಲಿಗೆ ಕಡ್ಡಿ ಕಟ್ಟಿ, ತಮ್ಮ ಗುಡಿಸಲಿನ ಮುಂದೆ ಇಟ್ಟುಕೊಂಡಿದ್ದಾರೆ. ಪತ್ರಿಕೆಗೆ ಬರೆಯಲೆಂದು ಬಂದ ನಾನು ಮೂರು ದಿನ ಅದೇ ಕುರ್ಚಿಯ ಮೇಲೆ ಕೂತು ಟೀ ಕುಡಿದೆ ಎಂಬುದು ನನಗೆ ತಿಳಿದದ್ದು ನಾಲ್ಕನೆಯ ದಿನ. ಆಗ ಡೆಲ್ಫೀನ್ ನಕ್ಕ ನಗು, ಈ ಹೆಂಗಸು ನಗುವುದೇ ಇಲ್ಲ ಎಂದು ಫೋನಿನಲ್ಲಿ ದೂರು ಬರೆಯುವ ಪ್ರವಾಸಿಗಳಿಗೆ ಕೇಳಿಸಬೇಕಿತ್ತು.

ಅವರ ಕೆಲಸಕ್ಕೆ ಕಾಗದದಲ್ಲಿ ತಾಣಪಾಲಕಿ ಎಂಬ ದೊಡ್ಡ ಹೆಸರಿದೆ. ಹಾಪ್‌ಕಿನ್ಸ್ ಸರೋವರದ ಸರ್ಕಾರಿ ಬಿಡಾರತಾಣದಲ್ಲಿ, ನೀರಿನ ಮೇಲಿನ ಮಂಜುಗಡ್ಡೆ ಒಡೆದಾಗಿನಿಂದ ಮೊದಲ ಹಿಮ ಬೀಳುವ ತನಕ, ಕಕ್ಕಸು ತೊಳೆಯುವವರು, ಸೌದೆ ಸೀಳುವವರು, ಕರಡಿ ಓಡಿಸುವವರು, ಗಂಡಹೆಂಡಿರ ಜಗಳ ಬಿಡಿಸುವವರು ಎಲ್ಲ ಡೆಲ್ಫೀನ್ ಒಬ್ಬರೇ. ವಯಸ್ಸು ಐವತ್ತೆಂಟು. ಎಡ ಮೊಣಕಾಲು ಮಳೆಗಿಂತ ಮುಂಚೆ ಸುದ್ದಿ ಕೊಡುತ್ತದೆ. ಇಪ್ಪತ್ತಾರು ಬಿಡಾರಗಳಿಗೆ ಆರು ಕಕ್ಕಸು. ಹತ್ತಿರದ ಅಂಗಡಿ ಎಂದರೆ ನಮ್ಮ ಊರಿನದು, ಟೈರು ಒಡೆಯದಿದ್ದರೆ ಜಲ್ಲಿ ರಸ್ತೆಯಲ್ಲಿ ನಾಲ್ಕು ತಾಸಿನ ದಾರಿ.

ಈ ರಸ್ತೆಯಲ್ಲಿ ಉತ್ತರಕ್ಕೆ ಹೊರಟವರಿಗೆ ರಾತ್ರಿ ತಲೆ ಇಡಲು ಇರುವ ಜಾಗಗಳೇ ಬೆರಳೆಣಿಕೆಯಷ್ಟು. ಜಲ್ಲಿ ಶುರುವಾಗುವಲ್ಲಿ ಪೆಟ್ರೋಲ್ ಬಂಕು, ಅದರ ಹಿಂದೆ ಮೂರು ಕೋಣೆ; ಅಲ್ಲಿ ಮಲಗಿದವರು ಎರಡನೆಯ ಸಲ ಮಲಗಿದ್ದನ್ನು ನಾನು ಕೇಳಿಲ್ಲ. ಆಮೇಲೆ ಸೇತುವೆಯ ಪಕ್ಕ ರಸ್ತೆಯವರು ಜಲ್ಲಿ ತೆಗೆದ ಹಳ್ಳ. ಡೇರೆ ಹಾಕಲು ದುಡ್ಡು ಕೊಡಬೇಕಿಲ್ಲ, ಸೊಳ್ಳೆಗೆ ರಕ್ತ ಕೊಟ್ಟರೆ ಸಾಕು. ಅಲ್ಲಿಂದ ಮುಂದೆ ಜೌಗು, ಕುರುಚಲು ಕಾಡು, ಮತ್ತೆ ಜೌಗು. ಬೆನ್ನು ಹುಣ್ಣಾಗಿ, ಧೂಳು ತಿಂದು, ಇನ್ನು ಸಾಕಪ್ಪಾ ಎನ್ನುವ ಹೊತ್ತಿಗೆ ತಿರುವಿನಲ್ಲಿ ಹಾಪ್‌ಕಿನ್ಸ್ ಸರೋವರ ಕಾಣಿಸುತ್ತದೆ.

ಕಂಡವರೆಲ್ಲ ಅಬ್ಬ ಎನ್ನುತ್ತಾರೆ. ನೆಲ ಅಂಗೈಯಷ್ಟು ಸಮ. ನೀರಿನ ಕಡೆಯಿಂದ ಸದಾ ಗಾಳಿ, ಹಾಗಾಗಿ ಸೊಳ್ಳೆ ನಿಲ್ಲುವುದಿಲ್ಲ. ಬೆನ್ನಿಗೆ ಸ್ಪ್ರೂಸ್ ಮರಗಳ ಮರೆ. ಎರಡು ಹೆಜ್ಜೆ ಇಟ್ಟರೆ ಹಲ್ಲು ಜುಮ್ಮೆನ್ನುವ ತಣ್ಣನೆಯ ತೊರೆ, ತೊರೆ ಸೇರುವಲ್ಲಿ ಮೀನು. ಫೋನಿನಲ್ಲಿ ಈ ದಾರಿಯ ತಂಗುದಾಣಗಳಿಗೆಲ್ಲ ಅಂಕ ಹಾಕುವವರು ಹಾಪ್‌ಕಿನ್ಸಿಗೆ ಪೂರ್ತಿ ಅಂಕ ಕೊಡುತ್ತಾರೆ, ತಾಣ ನಡೆಸುವ ಇಲಾಖೆಯವರ ಆಯ್ಕೆಯನ್ನು ಹೊಗಳುತ್ತಾರೆ. ಇಷ್ಟು ದೊಡ್ಡ ಕಾಡಿನಲ್ಲಿ ಇಲಾಖೆಗೆ ಇದೇ ಜಾಗ ಹೇಗೆ ಸಿಕ್ಕಿತು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ.

ನಾನು ಕೇಳಿದೆ. ಡೆಲ್ಫೀನ್ ಕೊಡಲಿಯನ್ನು ಕೊರಡಿಗೆ ನೆಟ್ಟು ಕೈಗವಸು ಬಿಚ್ಚಿದರು. "ನಮ್ಮಪ್ಪ ತೋರಿಸಿದ," ಎಂದರು.

ಆಗ ರಸ್ತೆ ಹೊಸದು. ಡೆಲ್ಫೀನ್‌ಗೆ ಐದೋ ಆರೋ ವರ್ಷ. ಇಲಾಖೆಯ ಇಬ್ಬರು ಗಂಡಸರು ಟ್ರಕ್ಕು ಕೆಸರಿನಲ್ಲಿ ಹೂತು, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ, ಸೊಳ್ಳೆ ಕಚ್ಚಿ ಮುಖ ಬುರಬುರನೆ ಊದಿಕೊಂಡು ದಾರಿಯಲ್ಲಿ ನಿಂತಿದ್ದರು. ಅಪ್ಪ ಆಂಟನ್ ಚಾರ್ಲಿ ಅವರನ್ನು ಕಂಡು ಟ್ರಕ್ಕು ಎಳೆದುಕೊಟ್ಟ. ಇಲ್ಲಿ ಎಲ್ಲಾದರೂ ಮಲಗಲು ಒಳ್ಳೆಯ ಜಾಗ ಇದೆಯೇ ಎಂದು ಅವರು ಕೇಳಿದರು. ಈ ಕಾಡಿನ ಮೂಲನಿವಾಸಿಗಳಾದ ಅವರ ಕಾಸ್ಕಾ ಜನರಲ್ಲಿ ಬಂದವರಿಗೆ ಮೂಲೆಯ ಜಾಗ ತೋರಿಸುವ ಪದ್ಧತಿ ಇಲ್ಲ. ಆಂಟನ್ ಅವರನ್ನು ನೇರವಾಗಿ ತನ್ನ ಸ್ವಂತ ಬಿಡಾರಕ್ಕೆ ಕರೆತಂದ. ಅವನ ತಾತನ ಕಾಲದಿಂದಲೂ ಮನೆಯವರು ಶರತ್ಕಾಲದಲ್ಲಿ ಮೀನು ಹಿಡಿದು ಒಣಗಿಸುತ್ತಿದ್ದದ್ದು ಅಲ್ಲೇ. ತನ್ನ ಡೇರೆಯೊಳಗೆ ಹೊಸ ಸ್ಪ್ರೂಸ್ ಚಿಗುರು ಹಾಸಿ ಅವರನ್ನು ಮಲಗಿಸಿದ. ತಾನು, ಹೆಂಡತಿ, ಮಕ್ಕಳು ಹೊರಗೆ ತಾಡಪಾಲಿನ ಕೆಳಗೆ ಮಲಗಿದರು.

"ಮೂರು ದಿನ ಇದ್ರು," ಎನ್ನುತ್ತಾರೆ ಡೆಲ್ಫೀನ್. "ಒಳ್ಳೇ ಜನಾನೇ. ನನಗೆ ಮಿಠಾಯಿ ಕೊಟ್ರು. ಹೋಗುವಾಗ ಅಪ್ಪನ ಕೈ ಕುಲುಕಿದ್ರು. ಮುಂದಿನ ಬೇಸಿಗೆಗೆ ನೆಲ ಕೆರೆಯೋ ಯಂತ್ರ ತಗೊಂಡು ಬಂದ್ರು."

ಆಂಟನ್ ಜಗಳಕ್ಕೆ ಹೋಗಲಿಲ್ಲವೇ? ಹೋಗಲಿಲ್ಲ. ಡೆಲ್ಫೀನ್‌ಗೆ ಇಂದಿಗೂ ಹೊಟ್ಟೆ ಉರಿಯುವುದು ಅದಕ್ಕೇ. "ನೆಂಟರು ಅಲ್ವಾ, ಒಂದು ಬೇಸಿಗೆ ಇದ್ದು ಹೋಗ್ತಾರೆ ಅಂದ್ಕೊಂಡ. ಬಂದವರು ಹೋಗೇ ಹೋಗ್ತಾರೆ, ಇಲ್ಲೇ ಉಳೀತಾರೆ ಅನ್ನೋದು ಅವನ ತಲೆಗೇ ಹೋಗ್ಲಿಲ್ಲ. ಸಾಮಾನು ಎತ್ಕೊಂಡು ಆಚೆ ದಂಡೆಗೆ ಹೋಗಿ ಕೂತ. ಪ್ರತಿ ವಸಂತ ಬಂದಾಗ್ಲೂ ದೋಣೀಲಿ ಬಂದು ನೋಡ್ಕೊಂಡು ಹೋಗೋನು, ಹೋದ್ರಾ ಇನ್ನೂ ಇದಾರಾ ಅಂತ. ಸಾಯೋವರೆಗೂ ನೋಡ್ದ."

ಇದನ್ನು ಕೇಳಿದ ಮೇಲೆ ನನಗೆ ಒಂಬತ್ತನೆಯ ಬಿಡಾರದ ಮುಂದೆ ನಿಂತು ಸರೋವರದ ಚೆಲುವನ್ನು ನೋಡಲಾಗಲಿಲ್ಲ. ಆಂಟನ್ ಡೇರೆ ಇದ್ದದ್ದು ಒಂಬತ್ತರಲ್ಲಿ. ಈಗ ಅಲ್ಲಿ ಜಲ್ಲಿ ಹಾಸಿದ ಗಾಡಿ ಕಟ್ಟೆ, ಒಂದು ಊಟದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಅಂಕಿ ಬರೆದ ಕಂಬ ಇವೆ. ನಾನು ಇದ್ದ ವಾರ ಅಲ್ಲಿ ಬಸ್ಸಿನಷ್ಟು ದೊಡ್ಡ ಮನೆಗಾಡಿಯ ದಂಪತಿ ಇಳಿದಿದ್ದರು. ಅವರ ಗಾಡಿಯೊಳಗೆ ಟೀವಿ ಇತ್ತು, ಟೀವಿಯಲ್ಲಿ ಇನ್ಯಾವುದೋ ಕಾಡು ತೋರಿಸುತ್ತಿದ್ದರು.

ಡೆಲ್ಫೀನ್ ಈ ಕೆಲಸಕ್ಕೆ ಸೇರಿದ್ದು ಗಂಡ ತೀರಿಕೊಂಡ ವರ್ಷ. ಅವರ ಜನರಲ್ಲೇ ಕೆಲವರು ಮುಖ ತಿರುಗಿಸಿದರು. ನಿಮ್ಮಪ್ಪನ ಜಾಗದಲ್ಲಿ ಅವರ ಹೇಲು ಬಳಿಯುತ್ತೀಯಾ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದರು. ಅವರಿಗೆ ಇವರು ಉತ್ತರ ಕೊಡಲಿಲ್ಲ. ನನಗೆ ಕೊಟ್ಟರು: "ಕೀಲಿಕೈ ನನ್ನ ಹತ್ರ ಇದ್ರೆ ಅಮ್ಮನಿಗೆ ಜಾಗ ಇರತ್ತೆ ಅಂತ ಸೇರ್ದೆ. ಇನ್ನೇನಿಲ್ಲ."

ನಿಯಮದ ಪ್ರಕಾರ ಯಾರೂ ಬಿಡಾರತಾಣದಲ್ಲಿ ಎರಡು ವಾರಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ದೇಶ ಸುತ್ತುವವರಿಗೆ ಎರಡು ವಾರ ಧಾರಾಳ ಆಯಿತು. ಚಳಿಗಾಲಕ್ಕೆ ಮೀನು ಒಣಗಿಸುವವರಿಗೆ ಅದು ಯಾವ ಮೂಲೆಗೆ? ಬಿಳಿಮೀನು ದಂಡೆಗೆ ಬರುವುದನ್ನು ಕಾಯಬೇಕು, ಬಲೆ ಬಿಡಬೇಕು, ಸೀಳಬೇಕು, ಅಟ್ಟಣೆಗೆ ಏರಿಸಿ ಹೊಗೆ ಕೊಡಬೇಕು, ಮಳೆ ಬಂದರೆ ಇಳಿಸಿ ಮತ್ತೆ ಏರಿಸಬೇಕು. ಡೆಲ್ಫೀನ್ ಪಾಲಕಿಯಾದ ಮೇಲೆ ಅವರ ತಾಯಿ ಅಡೆಲಾ ಅಜ್ಜಿ ಪ್ರತಿ ವರ್ಷ ಒಂಬತ್ತಕ್ಕೆ ಬಂದು ಕೂರುತ್ತಿದ್ದರು. ಎರಡು ವಾರ ಆದ ಕೂಡಲೇ ಡೇರೆ ಎತ್ತಿ ಹತ್ತಕ್ಕೆ ಹೋಗುತ್ತಿದ್ದರು. ಅಲ್ಲಿಂದ ಮತ್ತೆ ಒಂಬತ್ತಕ್ಕೆ. ಮಗಳು ಪುಸ್ತಕದಲ್ಲಿ ಹೊಸ ಅತಿಥಿ ಎಂದು ಬರೆದುಕೊಳ್ಳುತ್ತಿದ್ದರು, ಎದುರಿಗೆ ಕೂತ ತಾಯಿಗೆ "ಎಲ್ಲಿಂದ ಬಂದ್ರಿ ಅಮ್ಮಾವ್ರೆ, ದಾರಿ ಚೆನ್ನಾಗಿತ್ತಾ?" ಎಂದು ಕೇಳುತ್ತಿದ್ದರು. "ಹತ್ತನೇ ನಂಬರಿಂದ ಬಂದೆ ಕಣಮ್ಮ, ದಾರೀಲಿ ತುಂಬಾ ಧೂಳು," ಎಂದು ತಾಯಿ ಉತ್ತರಿಸುತ್ತಿದ್ದರು. ಹೀಗೆ ತಾಯಿ ಮಗಳು ಇಬ್ಬರೂ ಸೇರಿ ಇಲಾಖೆಯ ಕಣ್ಣಿಗೆ ಹಲವು ವರ್ಷ ಮಣ್ಣೆರಚಿದರು.

ಆರು ವರ್ಷದ ಹಿಂದೆ ಡೆಲ್ಫೀನ್‌ಗೆ ಪಿತ್ತಕೋಶದಲ್ಲಿ ಕಲ್ಲಾಗಿ ಆಸ್ಪತ್ರೆ ಸೇರಬೇಕಾಯಿತು. ಅವರ ಬದಲಿಗೆ ದಕ್ಷಿಣದಿಂದ ಒಬ್ಬಾಕೆ ಬಂದಳು. ಅದೇ ವಾರ ಯಾರೋ ಪ್ರವಾಸಿ ಮೀನಿನ ವಾಸನೆಗೆ ಕರಡಿ ಬರುತ್ತದೆ ಎಂದು ದೂರು ಕೊಟ್ಟಿದ್ದ. ಬದಲಿ ಪಾಲಕಿ ಅಡೆಲಾ ಅಜ್ಜಿಯ ಡೇರೆಯ ಮುಂದೆ ನಿಂತು, ಕಿವುಡರ ಹತ್ತಿರ ಮಾತಾಡುವ ಹಾಗೆ, ಒಂದೊಂದೇ ಪದ ಬಿಡಿಸಿ ಕೂಗಿದಳು: ನೀವು. ಇಲ್ಲಿಂದ. ಹೋಗಬೇಕು. ತಿಳಿಯಿತಾ?

ಆ ಕತೆಯನ್ನು ಅಜ್ಜಿಯೇ ನನಗೆ ಹೇಳಿದರು. "ನಾನೂ ಹಂಗೇ ಕೂಗಿದೆ. ತಿಳೀತು. ನಿನಗೆ. ಕಿವಿ. ಕೇಳಲ್ವಾ? ಅಂತ. ಅವಳು ಬೆಪ್ಪಾಗಿ ನೋಡಿದ್ಲು." ಹೇಳಿ ಬೊಚ್ಚುಬಾಯಿ ಅಗಲಿಸಿ ನಕ್ಕರು. ಆದರೆ ಆ ವರ್ಷ ಮೀನು ಅರ್ಧಂಬರ್ಧ ಒಣಗಿದ್ದಾಗಲೇ ಗಂಟು ಕಟ್ಟಿ ಎತ್ತಬೇಕಾಯಿತು. ಎಲ್ಲ ಬೂಸಲು ಹಿಡಿದು ನಾಯಿಗಳ ಪಾಲಾಯಿತು. ಅಜ್ಜಿ ಮತ್ತೆ ಒಂಬತ್ತಕ್ಕೆ ಕಾಲಿಡಲಿಲ್ಲ. ಮಗಳು ಕರೆದರೂ ಬರಲಿಲ್ಲ. ಸರೋವರದ ಬೇರೆ ಕಡೆ, ತಾವು ಮದುವೆಗೆ ಮುಂಚೆ ತವರಿನವರ ಜೊತೆ ಬಿಡಾರ ಹೂಡುತ್ತಿದ್ದ ಹಳೆಯ ಜಾಗವೊಂದಕ್ಕೆ ಹೋಗಿ ಅಟ್ಟಣೆ ಕಟ್ಟಿಕೊಂಡರು. ಈಗ ಅವರ ಚಳಿಗಾಲದ ಮೀನೆಲ್ಲ ಅಲ್ಲಿಯದೇ. ಮಕ್ಕಳು, ಮೊಮ್ಮಕ್ಕಳು, ತಂಗಿಯ ಮನೆಯವರು ಎಲ್ಲರೂ ಅಲ್ಲಿಗೇ ಬರುತ್ತಾರೆ.

ಆ ಜಾಗವನ್ನು ಮುಚ್ಚಿಡುವುದೇ ಈ ಬೇಸಿಗೆ ಡೆಲ್ಫೀನ್ ಅವರ ನಿಜವಾದ ಕೆಲಸವಾಗಿತ್ತು. ಉಳಿದದ್ದೆಲ್ಲ ಕಕ್ಕಸು.

ಯಾಕೆಂದರೆ ಈಗ ಹಾಪ್‌ಕಿನ್ಸ್‌ನಲ್ಲಿ ಜಾಗ ಸಾಲುತ್ತಿಲ್ಲ. ಸಂಜೆಯಾದರೆ ಇಪ್ಪತ್ತಾರೂ ಭರ್ತಿ. ತಡವಾಗಿ ಬಂದವರು ಡೆಲ್ಫೀನ್ ಗುಡಿಸಲಿನ ಬಾಗಿಲು ಬಡಿಯುತ್ತಾರೆ. "ಇಲ್ಲಿ ಹತ್ತಿರದಲ್ಲಿ ಯಾರಿಗೂ ಗೊತ್ತಿಲ್ಲದ ಜಾಗ ಇರತ್ತಲ್ಲ? ನಿಮಗೆ ಗೊತ್ತಿರತ್ತಲ್ಲ?" ಎಂದು ಕಣ್ಣು ಮಿಟುಕಿಸುತ್ತಾರೆ. ನಾನು ಅಲ್ಲಿದ್ದಾಗಲೇ ಹೀಗೆ ಕೇಳಿದವರು ಮೂರು ಗುಂಪು. ಡೆಲ್ಫೀನ್ ಮೂರು ಗುಂಪಿಗೂ ಒಂದೇ ಉತ್ತರ ಕೊಟ್ಟರು.

"ಗೊತ್ತಿಲ್ಲ."

"ನೀವು ಈ ಕಡೆಯವರೇ ಅಲ್ವಾ?"

"ಹೌದು. ಆದ್ರೂ ಗೊತ್ತಿಲ್ಲ."

ಪ್ರವಾಸಿಗಳಿಗೆ ಸುಳ್ಳು ಹೇಳುವುದು ಸುಲಭ, ಬೆಳಗಾದರೆ ಹೋಗುತ್ತಾರೆ. ಕಷ್ಟವಾದದ್ದು ಡಸ್ಟಿನ್‌ಗೆ ಹೇಳುವುದು. ಡಸ್ಟಿನ್ ಇಲಾಖೆಯ ಹೊಸ ಮೇಲ್ವಿಚಾರಕ, ಇನ್ನೂ ಮೂವತ್ತು ದಾಟಿಲ್ಲ. ಜೂನ್‌ನಲ್ಲಿ ಬಂದು, ಸರೋವರದ ದಂಡೆಯಲ್ಲೇ ಇನ್ನೊಂದು ಬಿಡಾರತಾಣ ಮಾಡಲು ಅನುಮತಿ ಸಿಕ್ಕಿದೆ, ಮುಂದಿನ ವರ್ಷವೇ ಕೆಲಸ ಶುರು, ಒಳ್ಳೆಯ ಜಾಗ ಎಲ್ಲಿದೆ ಹೇಳಿ ಎಂದು ಕೇಳಿದ್ದ. ಡೆಲ್ಫೀನ್ ಪೊರಕೆಗೆ ಒರಗಿ ನಿಂತು ಬಹಳ ಹೊತ್ತು ಯೋಚಿಸಿದ ಹಾಗೆ ಮಾಡಿ, ಉಳಿದ ದಂಡೆಯೆಲ್ಲ ಜೌಗು, ಕಾಲಿಟ್ಟರೆ ಮಂಡಿ ತನಕ ಇಳಿಯುತ್ತದೆ ಎಂದರು. ಅವನು ನಂಬಿದ. ಮೇಲಿನಿಂದ ತೆಗೆದ ಚಿತ್ರದಲ್ಲಿ ಎಲ್ಲ ಹಸಿರೇ ಕಾಣುವುದರಿಂದ ಅವನಿಗೆ ಬೇರೆ ದಾರಿಯೂ ಇರಲಿಲ್ಲ. ಜೌಗಾದರೆ ಸರೋವರವನ್ನೇ ಬಿಟ್ಟು ರಸ್ತೆಯಲ್ಲಿ ಇನ್ನೂ ಮೇಲೆ ಎಲ್ಲಾದರೂ ನೋಡೋಣ ಎಂದು ಹೋದ.

"ಅಪ್ಪ ನನಗೆ ಬಲೆ ಹೆಣೆಯೋದು ಕಲಿಸ್ದ, ದೋಣಿ ಕಲಿಸ್ದ. ಸುಳ್ಳು ಹೇಳೋದು ಕಲಿಸ್ಲಿಲ್ಲ. ಅದನ್ನ ನಾನೇ ಕಲಿತೆ," ಎಂದು ಡೆಲ್ಫೀನ್ ನನಗೆ ಹೇಳಿದರು. ಹೇಳುವಾಗ ಮುಖದಲ್ಲಿ ನಾಚಿಕೆ ಇರಲಿಲ್ಲ. ಒಳ್ಳೆಯ ಬಲೆ ಹೆಣೆದವರ ಸಮಾಧಾನವೇ ಇತ್ತು. ಇಲ್ಲಿ ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ನಾನು ಬಂದ ಮೊದಲ ದಿನ ಕೇಳಿದ್ದರೆ ಬಕೆಟ್ಟಿನ ನೀರು ಎರಚುತ್ತಿದ್ದರು. ಒಪ್ಪಿದ್ದು ನಾಲ್ಕನೆಯ ದಿನ, ಮುಚ್ಚಿಡಲು ಏನೂ ಉಳಿಯದ ಮೇಲೆ.

ಆ ದಿನ ಮಧ್ಯಾಹ್ನ ಅಡೆಲಾ ಅಜ್ಜಿ ದೋಣಿಯಲ್ಲಿ ಬಂದಿದ್ದಾರೆ. ಹಿಂದಿನ ದಿನ ಹೊಗೆಯಿಂದ ಇಳಿಸಿದ ಮೀನಿನ ಕಟ್ಟೊಂದು ಮಗಳಿಗೆ, ಚೂರು ನನಗೂ. ಗುಡಿಸಲೊಳಗೆ ಒಲೆಯ ಮೇಲೆ ಬ್ಯಾನಕ್ ರೊಟ್ಟಿ ಬೇಯುತ್ತಿದೆ. ಅಜ್ಜಿ ಮೇಜಿನ ಮುಂದೆ ಕೂತು ಮಗಳು ರೊಟ್ಟಿ ಸುಡುವ ರೀತಿಗೆ ತಕರಾರು ತೆಗೆಯುತ್ತಿದ್ದಾರೆ, ನಾಯಿ ಮೇಜಿನ ಕೆಳಗೆ ಮಲಗಿದೆ. ಆಗ ಹೊರಗೆ ಟ್ರಕ್ಕು ನಿಂತ ಸದ್ದು. ಹಂಗಾಮು ಮುಗಿಯುವ ಮುಂಚಿನ ತಪಾಸಣೆಗೆ ಡಸ್ಟಿನ್ ಒಂದು ವಾರ ಮುಂಚಿತವಾಗಿ ಬಂದಿದ್ದಾನೆ.

ಅಜ್ಜಿ ಒಳಗಿರುವುದನ್ನು ಕಂಡು ಅವನು ಬಾಗಿಲಲ್ಲೇ ನಿಲ್ಲುತ್ತಾನೆ, ಟೋಪಿ ತೆಗೆಯುತ್ತಾನೆ. ಮತ್ತೆ ಟ್ರಕ್ಕಿಗೆ ಹೋಗಿ ಒಂದು ಚೀಲ ತರುತ್ತಾನೆ. ಅದರಲ್ಲಿ ಕಿತ್ತಳೆ, ಟೀ ಪುಡಿ, ಹೊಗೆಸೊಪ್ಪು. ಹಿರಿಯರ ಹತ್ತಿರ ಹೋಗುವಾಗ ಹೀಗೆ ಹೋಗಬೇಕು ಎಂದು ಇಲಾಖೆ ಈಗ ತನ್ನವರಿಗೆಲ್ಲ ತರಬೇತಿ ಕೊಟ್ಟಿದೆಯಂತೆ. ಎರಡು ಕೈಯಲ್ಲಿ ಕೊಡುತ್ತಾನೆ, ಕಾಸ್ಕಾ ಮಾತಿನಲ್ಲೇ ವಂದನೆ ಹೇಳುತ್ತಾನೆ. ಉಚ್ಚಾರ ಕೆಟ್ಟಿದೆ. ಅಜ್ಜಿಯ ಮುಖ ಮಾತ್ರ ಅರಳುತ್ತದೆ.

"ಕೂತ್ಕೊಳಪ್ಪ. ಉಂಡ್ಯಾ? ನಿಮ್ಮಮ್ಮ ಎಲ್ಲಿದಾಳೆ? ಇಷ್ಟು ಬಡಕಲಾಗಿದೀಯಲ್ಲ, ಹೆಂಡ್ತಿ ಹೊಟ್ಟೆಗೆ ಹಾಕಲ್ವಾ?"

"ಮದುವೆ ಆಗಿಲ್ಲ ಅಜ್ಜಿ."

"ಹಂಗಾದ್ರೆ ಅದೇ ಕಾರಣ. ಡೆಲ್ಫೀನ್, ಇವನಿಗೆ ಮೀನು ಹಾಕು."

ಅವನು ತಿನ್ನುತ್ತಾನೆ. ನಿಜಕ್ಕೂ ಹಸಿದವರ ಹಾಗೆ, ಬೆರಳು ನೆಕ್ಕಿ ತಿನ್ನುತ್ತಾನೆ. ಡೆಲ್ಫೀನ್ ಒಲೆಯ ಹತ್ತಿರದಿಂದ ಬಂದು ಅಮ್ಮನ ಎದುರಿಗೇ ಕೂರುತ್ತಾರೆ. ಅವರ ಕಣ್ಣು ಅಮ್ಮನ ಮುಖದ ಮೇಲಿಂದ ಕದಲುವುದಿಲ್ಲ.

ಡಸ್ಟಿನ್ ಬಟ್ಟಲು ಕೆಳಗಿಡುತ್ತಾನೆ. "ಅಜ್ಜಿ, ಹಿಂದೆ ನಮ್ಮವರು ನಿಮ್ಮನ್ನ ಯಾರನ್ನೂ ಕೇಳದೆ ಕೆಲಸ ಮಾಡಿಬಿಟ್ರು. ಅದು ತಪ್ಪು ಅಂತ ಈಗ ಗೊತ್ತಾಗಿದೆ. ಅದಕ್ಕೇ ನಾನು ಮೊದಲು ನಿಮ್ಮನ್ನ ಕೇಳ್ತಿದೀನಿ. ಬಂದವರು ಆರಾಮಾಗಿ ಉಳಿಯೋಕೆ ಈ ಕೆರೆ ದಂಡೇಲಿ ಇನ್ನೊಂದು ಒಳ್ಳೇ ಜಾಗ ಎಲ್ಲಿದೆ?"

ಮೇಜಿನ ಕೆಳಗೆ ಏನೋ ಸದ್ದಾಗುತ್ತದೆ. ಮತ್ತೊಮ್ಮೆ ಆಗುತ್ತದೆ. ಅಜ್ಜಿ ಬಗ್ಗಿ ನಾಯಿಗೆ "ಸುಮ್ನಿರೋ" ಎಂದು ಗದರುತ್ತಾರೆ. ಆಮೇಲೆ ಮೇಜಿನ ಮೇಲೆ ಚೆಲ್ಲಿದ್ದ ಹಿಟ್ಟನ್ನು ಅಂಗೈಯಿಂದ ಹರಡಿ, ಅದರಲ್ಲಿ ಬೆರಳಿನಿಂದ ಸರೋವರದ ದಂಡೆಯನ್ನು ಬರೆಯುತ್ತಾರೆ. ಇಲ್ಲಿ ಬಂಡೆ, ಇಲ್ಲಿ ತೊರೆ, ಇಲ್ಲಿಂದ ಗಾಳಿ. ಬೆರಳು ಒಂದು ಕಡೆ ನಿಲ್ಲುತ್ತದೆ. ಎಲ್ಲಿ ನಿಂತಿತು ಎಂದು ನಾನು ಬರೆಯುವುದಿಲ್ಲ. ಡಸ್ಟಿನ್ ನೋಡಿದ್ದೇ ಸಾಕು.

"ಸೊಳ್ಳೆ ಇಲ್ಲ," ಎನ್ನುತ್ತಾರೆ ಅಜ್ಜಿ. "ನೀರು ಸಿಹಿ. ನಾನೀಗ ಅಲ್ಲೇ ಇದೀನಿ. ನೀನೂ ಬಾ, ಇವತ್ತು ರಾತ್ರಿ ಅಲ್ಲೇ ಮಲಗು. ಚಿಗುರು ಹಾಸ್ಕೊಡ್ತೀನಿ."

ಡಸ್ಟಿನ್ ಡೆಲ್ಫೀನ್ ಕಡೆ ತಿರುಗುತ್ತಾನೆ. ಅವನ ಮುಖದಲ್ಲಿ ಕೋಪವಿಲ್ಲ, ಗೊಂದಲವಿದೆ. "ನೀವು ಎಲ್ಲಾ ಜೌಗು ಅಂದಿದ್ರಿ?"

"ಕೆಲವು ವರ್ಷ ಜೌಗು," ಎನ್ನುತ್ತಾರೆ ಡೆಲ್ಫೀನ್.

ಅವನು ಮತ್ತೆ ಏನೂ ಕೇಳಲಿಲ್ಲ. ಸಭ್ಯ ಹುಡುಗ. ಎದ್ದು ಅಜ್ಜಿಯ ಕೈಯನ್ನು ತನ್ನ ಎರಡು ಕೈಯಲ್ಲೂ ಹಿಡಿದು, ತುಂಬ ಉಪಕಾರವಾಯಿತು ಎಂದ. ಹೊಸ ತಾಣದಲ್ಲಿ ಹಿರಿಯರಿಗೆ ಶುಲ್ಕ ಇರುವುದಿಲ್ಲ, ನಿಮಗಾಗಿ ಒಂದು ಜಾಗ ಯಾವಾಗಲೂ ಕಾಯ್ದಿಡುತ್ತೇವೆ, ಎರಡು ವಾರ ಪೂರ್ತಿ ಉಚಿತವಾಗಿ ಇರಬಹುದು ಎಂದೂ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಬೈದು ಅಟ್ಟುವ ಸರ್ಕಾರವನ್ನು ನಾವೆಲ್ಲ ಕಂಡಿದ್ದೇವೆ, ಅದಕ್ಕೆ ತಿರುಗಿ ಬೈಯಬಹುದು. ಕಿತ್ತಳೆ ಹಿಡಿದುಕೊಂಡು ಬಂದು ತಲೆಬಾಗಿ ಕೇಳುವ ಸರ್ಕಾರದ ಮುಂದೆ ಏನು ಮಾಡಬೇಕು ಎಂದು ಈ ಜನರಿಗೆ ಯಾರೂ ತರಬೇತಿ ಕೊಟ್ಟಿಲ್ಲ.

ಟ್ರಕ್ಕು ಹೋಯಿತು. ರೊಟ್ಟಿ ಹತ್ತಿಕೊಂಡ ವಾಸನೆ. ಮೊದಲು ಬಾಯಿ ಬಿಟ್ಟವರು ಅಜ್ಜಿ.

"ನನ್ನನ್ನ ತಡೀಬಾರ್ದಾಗಿತ್ತಾ ನೀನು? ಕಾಲಲ್ಲಿ ಒದೀಬಾರ್ದಾಗಿತ್ತಾ?"

"ಒದ್ದೆ ಕಣಮ್ಮ. ಎರಡು ಸಲ ಒದ್ದೆ."

"ನೀನಾ ಅದು? ನಾನು ನಾಯಿ ಅಂದ್ಕೊಂಡೆ."

ಡೆಲ್ಫೀನ್‌ಗೆ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅಜ್ಜಿ ನಗಲಿಲ್ಲ. ಕಿತ್ತಳೆಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಕೂತರು.

"ನಿಮ್ಮಪ್ಪನಿಗೆ ನಾನು ಎಷ್ಟು ವರ್ಷ ಬೈದೆ ನೆನಪಿದ್ಯಾ? ಸತ್ತ ಮೇಲೂ ಬಿಡ್ಲಿಲ್ಲ. ಬಾಯಿಗೆ ಬೀಗ ಹಾಕ್ಕೋಳ್ಳೋಕೆ ಆಗ್ಲಿಲ್ವಾ ನಿನಗೆ ಅಂತ. ಪಾಪ, ಅವನು ಒಂದು ದಿನಾನೂ ತಿರುಗಿ ಮಾತಾಡ್ಲಿಲ್ಲ." ಕಿತ್ತಳೆಯನ್ನು ಮೇಜಿನ ಮೇಲಿಟ್ಟು ಅಂದರು, "ಅಷ್ಟು ಮರ್ಯಾದೆಯಿಂದ ಕೇಳ್ದ ಕಣೇ. ನನ್ನ ಕೈಯಿಂದ ತಿಂತಾ ಕೂತಿದ್ದ. ಅವನ ಮುಖ ನೋಡ್ಕೊಂಡು, ನಾನು ಮಲಗಿ ಎದ್ದ ಜಾಗಾನ ಗೊತ್ತಿಲ್ಲ ಅಂತ ಹೆಂಗನ್ಲಿ?"

ಡೆಲ್ಫೀನ್ ಎದ್ದು ಮೇಜಿನ ಮೇಲಿನ ಹಿಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ಅಮ್ಮನನ್ನು ದೋಣಿಯ ತನಕ ಕೈಹಿಡಿದು ಕರೆದೊಯ್ದು, ಕೂರಿಸಿ, ಮೊಣಕಾಲಿನ ಮೇಲೆ ಕಂಬಳಿ ಹೊದಿಸಿ, ದೋಣಿಯನ್ನು ನೀರಿಗೆ ತಳ್ಳಿದರು. ಎಂಬತ್ತು ದಾಟಿದ ಅಜ್ಜಿ ತಾವೇ ಮೋಟಾರಿನ ಹಗ್ಗ ಎಳೆದು ಹೋದರು.

ಸಂಜೆಯ ಗಸ್ತಿಗೆ ಡೆಲ್ಫೀನ್ ಹೊರಟಾಗ ನಾನೂ ಜೊತೆಗೆ ಹೋದೆ. ಅವರು ಸೌದೆಯ ಕೊಟ್ಟಿಗೆ ತುಂಬಿದರು. ಶುಲ್ಕ ಕೊಟ್ಟವರಿಗೆ ಸೌದೆ ಪುಕ್ಕಟೆ. ಹಾಗಾಗಿ ಬೇಕಾದಷ್ಟು ಸುಟ್ಟು, ಮಿಕ್ಕಿದ್ದನ್ನು ಮುಂದಿನ ಊರಿಗೂ ಗಾಡಿಗೆ ತುಂಬಿಕೊಂಡು ಹೋಗುವವರಿದ್ದಾರೆ. ಅಂಥ 'ಸಭ್ಯ'ನೊಬ್ಬ ಆಗಲೇ ಎರಡು ತೋಳು ತುಂಬ ಹೊತ್ತು ನಡೆಯುತ್ತಿದ್ದ. ಡೆಲ್ಫೀನ್ ಅವನನ್ನು ತಡೆಯಲಿಲ್ಲ. ಹನ್ನೊಂದನೆಯ ಬಿಡಾರದಲ್ಲಿ ಮನೆಗಾಡಿಯನ್ನು ಹಿಂದಕ್ಕೆ ಸರಿಸಲು ಹೋಗಿ ಮರಕ್ಕೆ ಸಿಕ್ಕಿಸಿಕೊಂಡ ದಂಪತಿ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದರು. ಹೆಂಡತಿಯನ್ನು ಒಂದು ಕಡೆ ನಿಲ್ಲಿಸಿ, ಗಂಡನಿಗೆ ಕೈಸನ್ನೆ ಮಾಡಿ, ಎರಡೇ ತಿರುವಿಗೆ ಗಾಡಿ ಬಿಡಿಸಿಕೊಟ್ಟರು. ಕಕ್ಕಸುಗಳನ್ನು ಮತ್ತೆ ತೊಳೆದರು. ಆರನೆಯದರ ಗೋಡೆಗೆ ಕೈ ಒರಗಿಸಿ ಸ್ವಲ್ಪ ಹೊತ್ತು ನಿಂತರು.

ಮುಂದೇನು ಎಂದು ಕೇಳಿದೆ. ಊರಿನವರನ್ನೆಲ್ಲ ಸೇರಿಸಿ ಇಲಾಖೆಗೆ ಹೋಗಬಹುದಲ್ಲ, ನಾವೂ ಪತ್ರಿಕೆಯಲ್ಲಿ ಬರೆಯುತ್ತೇವಲ್ಲ ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಹೋಗ್ತೀವಿ. ಟೀ ಕೊಡ್ತಾರೆ, ನಾವು ಹೇಳೋದೆಲ್ಲ ಕೇಳಿಸ್ಕೋತಾರೆ. ಅಜ್ಜಿನೇ ಒಪ್ಪಿ ತೋರಿಸಿದಾರಲ್ಲ ಅಂತಾರೆ. ಏನು ಹೇಳ್ಲಿ? ನಮ್ಮಮ್ಮನಿಗೆ ಬುದ್ಧಿ ಇಲ್ಲ ಅನ್ಲಾ?" ಬಕೆಟ್ಟಿನ ನೀರನ್ನು ಪೊದೆಗೆ ಚೆಲ್ಲಿದರು. "ಬರೆಯೋದಾದ್ರೆ ಬರಿ. ಸುಳ್ಳು ಹೇಳಿದ್ದನ್ನೂ ಬರಿ. ಬೇಸಿಗೆ ಪೂರ್ತಿ ಕಾಪಾಡಿದ್ದೆ ಅಂತ ಜನಕ್ಕೆ ಗೊತ್ತಾಗ್ಲಿ."

ಆಮೇಲೆ ಕೈಗವಸು ಬಿಚ್ಚಿ ಜೇಬಿಗೆ ತುರುಕಿಕೊಂಡು, ಹೊಸ ತಾಣಕ್ಕೂ ಒಬ್ಬರು ಪಾಲಕರು ಬೇಕಾಗುತ್ತಾರೆ, ಚಳಿಗಾಲದಲ್ಲಿ ಅರ್ಜಿ ಕರೆಯುತ್ತಾರೆ, ಹಾಪ್‌ಕಿನ್ಸ್ ಬಿಟ್ಟು ಅದಕ್ಕೆ ಹಾಕುತ್ತೇನೆ ಎಂದರು. ನನಗೆ ತಡೆಯಲಾಗಲಿಲ್ಲ. ಅಲ್ಲಿಯೂ ಇದೇ ಕಕ್ಕಸು, ಇದೇ ಕುರ್ಚಿ, ಇನ್ನೊಂದು ಸಲ ಅದೇ ನೋವು, ಯಾಕೆ ಬೇಕು ನಿಮಗೆ ಎಂದೆ.

"ಎರಡು ವಾರ ಆದ ಮೇಲೆ ಅಮ್ಮನ ಹತ್ರ ಹೋಗಿ ಇನ್ನು ಏಳಮ್ಮ ಅನ್ನೋಕೆ ಯಾರಾದ್ರೂ ಬೇಕಲ್ಲ," ಎಂದರು ಡೆಲ್ಫೀನ್. "ಹೊರಗಿನವರು ಬಂದು ಕೂಗೋದು ಬೇಡ. ನಾನೇ ಹೇಳ್ತೀನಿ. ನಮ್ಮ ಮಾತಲ್ಲಿ ಹೇಳ್ತೀನಿ."